ರೋಗಿ ಮರಗಳ ಸಾಲು

ಸೋಫಿಯಾದಿಂದ ಬಂದ ಬಸ್ಸು ಬೆಲಿ ದೋಲ್ ಊರಿನ ತಿರುವಿನಲ್ಲಿ ನಿಂತಾಗ ನೆವೆನಾಳ ಮೂಗಿಗೆ ಮೊದಲು ಬಡಿದದ್ದು ಹಸಿ ಕಟ್ಟಿಗೆಯ ಹೊಗೆ. ಆಗಸ್ಟ್ ತಿಂಗಳಲ್ಲಿ ಯಾರಪ್ಪಾ ಬೆಂಕಿ ಹಾಕಿದವರು, ರಾಕಿಯಾ ಸಾರಾಯಿಯ ಭಟ್ಟಿ ಹೂಡುವುದಕ್ಕೂ ಇನ್ನೂ ತಿಂಗಳಿದೆಯಲ್ಲ ಎಂದುಕೊಂಡು ಅವಳು ಚೀಲವನ್ನು ಹೆಗಲಿಗೇರಿಸಿದಳು. ಚೀಲದಲ್ಲಿ ಸಂಶೋಧನೆಗೆ ಹಣ ಕೇಳುವ ನೂರ ಹದಿನಾಲ್ಕು ಪುಟಗಳ ಅರ್ಜಿ. ಪ್ರತಿ ಪುಟಕ್ಕೂ ಭಾಷಾಂತರಕಾರನ ಸಹಿ, ಸಹಿಗೊಂದು ನೋಟರಿಯ ಮೊಹರು, ಆ ಮೊಹರಿಗೆ ಸಚಿವಾಲಯದ ಇನ್ನೊಂದು ಮೊಹರು. ಎರಡು ದಿನ ಕಚೇರಿಗಳ ಮೆಟ್ಟಿಲು ಹತ್ತಿಳಿದು ಮಂಡಿ ಊದಿಕೊಂಡಿತ್ತು. ಆದರೂ ಮನಸ್ಸು ಹಗುರವಾಗಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಬ್ರಸೆಲ್ಸಿನಿಂದ ಪರೀಕ್ಷಕರು ಬರುತ್ತಾರೆ. ಕಾಗದ ಏನು ಬೇಕಾದರೂ ಹೇಳಲಿ, ಅವರು ನೋಡಬೇಕಾದದ್ದು ತೋಟವನ್ನು. ಒಮ್ಮೆ ತೋಟದೊಳಗೆ ಕಾಲಿಟ್ಟರೆ ಸಾಕು, ಉಳಿದದ್ದನ್ನು ಮರಗಳೇ ಹೇಳುತ್ತವೆ ಎಂಬ ಧೈರ್ಯ ಅವಳಿಗಿತ್ತು.

ಆ ಕಣಿವೆ ಒಂದು ಕಾಲದಲ್ಲಿ ನೀಲಿ ಪ್ಲಮ್ ಹಣ್ಣಿನಿಂದಲೇ ಬದುಕಿತ್ತು. ಮದುವೆಗೆ ಪ್ಲಮ್ ರಾಕಿಯಾ, ಚಳಿಗಾಲಕ್ಕೆ ಒಣ ಪ್ಲಮ್, ಹಂದಿ ಮಾಂಸಕ್ಕೂ ಪ್ಲಮ್. ಆಮೇಲೆ ಶಾರ್ಕಾ ಬಂತು, ಮರಗಳಿಗೆ ಬರುವ ಸಿಡುಬು. ಎಲೆಯ ಮೇಲೆ ಹಳದಿ ಉಂಗುರ, ಹಣ್ಣಿನ ಮೇಲೆ ಕುಳಿ, ಮಾಗುವ ಮೊದಲೇ ರಾಶಿರಾಶಿಯಾಗಿ ನೆಲದ ಪಾಲು. ಅದಕ್ಕೆ ಔಷಧಿ ಇಲ್ಲ. ಅದು ತಗಲದ ಮರವನ್ನು ಹುಟ್ಟಿಸುವುದೊಂದೇ ದಾರಿ. ಊರಾಚೆಯ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ನೆವೆನಾ ಅದನ್ನು ಹುಟ್ಟಿಸಿದ್ದಳು. ಅದರ ಸಂಖ್ಯೆ ನಲವತ್ತೇಳು. ಎಲೆಯ ತುದಿ ಯಾವಾಗಲೂ ಎಡಕ್ಕೆ ತಿರುಚಿಕೊಂಡಿರುತ್ತಿದ್ದರಿಂದ ತೋಟದ ಮೇಸ್ತ್ರಿ ಗೆಂಚೊ ಅದಕ್ಕೆ ‘ಸೊಟ್ಟಮೂತಿ’ ಎಂದು ಹೆಸರಿಟ್ಟಿದ್ದ.

ಮರ ಆರೋಗ್ಯವಾಗಿದೆ ಎಂದರೆ ಯಾರೂ ನಂಬುವುದಿಲ್ಲ. ರೋಗದ ಮಧ್ಯೆ ನಿಂತೂ ಆರೋಗ್ಯವಾಗಿದೆ ಎಂದು ತೋರಿಸಬೇಕು. ಅದಕ್ಕೇ ಒಂದು ಸಾಲು ಸೊಟ್ಟಮೂತಿ, ಪಕ್ಕದ ಸಾಲು ಸಿಡುಬಿನ ಮರ, ಮತ್ತೆ ಸೊಟ್ಟಮೂತಿ, ಮತ್ತೆ ಸಿಡುಬು. ಹೀಗೆ ಮೂವತ್ತಾರು ರೋಗಿ ಮರಗಳನ್ನು ಅವಳು ಹನ್ನೊಂದು ವರ್ಷ ಸಾಕಿದ್ದಳು. ಅವಕ್ಕೆ ನೀರು ಹಾಕಿ, ರೋಗ ಹೊತ್ತು ಹಾರುವ ಸಸ್ಯಹೇನುಗಳಿಗೆ ಮದ್ದು ಹೊಡೆಯದೆ ಕಾಪಾಡಿದ್ದಳು. “ಡಾಕ್ಟರಮ್ಮ, ಎಲ್ರೂ ರೋಗಿಗೆ ಆಸ್ಪತ್ರೆ ಕಟ್ಟಿಸಿದ್ರೆ ನೀವು ರೋಗಕ್ಕೇ ಛತ್ರ ಕಟ್ಟಿಸಿದೀರಲ್ರೀ” ಎಂದು ಗೆಂಚೊ ನಗುತ್ತಿದ್ದ. ಆದರೆ ಆ ಛತ್ರಕ್ಕೆ ದಿನವೂ ನೀರು ಹೊತ್ತವನೂ ಅವನೇ.

ಕೇಂದ್ರದ ಗೇಟು ದಾಟಿದವಳೇ ನಿಂತುಬಿಟ್ಟಳು. ತೋಟದ ಎಲ್ಲ ಬೊಡ್ಡೆಗಳಿಗೂ ಮೊಣಕಾಲೆತ್ತರಕ್ಕೆ ಹೊಸ ಸುಣ್ಣ ಬಳಿದಿತ್ತು. ಒಂದು ಸಾಲು ಬಿಟ್ಟು ಒಂದು ಸಾಲು ಖಾಲಿ. ಖಾಲಿ ಸಾಲಿನ ಉದ್ದಕ್ಕೂ, ಕೊಯ್ದ ಬುಡಗಳ ಮೇಲೆ ಒಂದೊಂದರಂತೆ, ಕೆಂಪು ಹೂವಿನ ಕುಂಡಗಳನ್ನು ಇಟ್ಟಿದ್ದರು. ಬೇಲಿಯಾಚೆ ಮೂವತ್ತಾರು ಮರಗಳ ರಾಶಿ ಹೊಗೆಯಾಡುತ್ತಿತ್ತು.

ಅವಳ ಕೈಯಿಂದ ಚೀಲ ಜಾರಿತು.

ನಿರ್ದೇಶಕ ಸ್ತಮಾತೊವ್ ಅಂಗಿ ತೋಳು ಮಡಚಿಕೊಂಡು, ಹುಬ್ಬಿನ ಮೇಲೂ ಸುಣ್ಣ ಮಾಡಿಕೊಂಡು, ನಗುನಗುತ್ತ ಬಂದ. ಅರವತ್ತೆರಡು ವರ್ಷದ, ಒಳ್ಳೆಯ ಹೊಟ್ಟೆಯ, ಮನಸ್ಸಿನಲ್ಲಿ ವಿಷವಿಲ್ಲದ ಮನುಷ್ಯ. ದೇವರೇ, ವಿಷ ಇರುವವರ ಕೈಯಿಂದಲೂ ಇಷ್ಟು ಅನಾಹುತ ಆಗುವುದಿಲ್ಲ.

“ನೋಡಮ್ಮ ನೆವೆನಾ, ಹೆಂಗಿದೆ? ಮದುವೆ ಮನೆ ಥರ ಆಯ್ತಲ್ಲ ನಮ್ಮ ತೋಟ!”

“ಯಾರು ಕಡಿದದ್ದು?”

“ನಾನೇ ಕಡಿಸ್ದೆ. ಬೀಗರು ಬರೋ ದಿನ ಮನೇಲಿರೋ ರೋಗೀನ ಯಾರಾದ್ರೂ ಅಂಗಳದಲ್ಲಿ ಮಲಗಿಸ್ತಾರಾ? ಒಳಗೆ ಕಾಲಿಟ್ಟ ತಕ್ಷಣ ಆ ಕುಳಿಬಿದ್ದ ಹಣ್ಣು, ಆ ಹಳದಿ ಎಲೆ ಕಂಡ್ರೆ ಅವ್ರು ಏನಂದ್ಕೋತಾರೆ? ಬಲ್ಗೇರಿಯಾದವರಿಗೆ ಒಂದು ತೋಟ ನೋಡ್ಕೊಳ್ಳೋಕೂ ಬರಲ್ಲ ಅಂತಾರೆ.”

“ಸ್ತಮಾತೊವ್ ಅವ್ರೇ, ಅವ್ರು ನೋಡೋಕೆ ಬರ್ತಿದ್ದದ್ದೇ ಆ ರೋಗಾನ!”

“ಅಯ್ಯೋ, ಕಾಗದದಲ್ಲಿ ಹಂಗೆ ಬರೀತೀವಮ್ಮ. ಬಂದವರು ಮುಖ ನೋಡೇ ಮಣೆ ಹಾಕೋದು. ತಪಾಸಣೆಗೆ ಬರೋ ಕಮಿಷನ್ನುಗಳನ್ನ ನಿನಗಿಂತ ಹೆಚ್ಚು ನೋಡಿದೀನಿ ನಾನು. ಎಪ್ಪತ್ತೊಂಬತ್ತರಲ್ಲಿ ಮಂತ್ರಿ ಬಂದಾಗ ಈ ಮರಗಳಲ್ಲಿ ಒಂದು ಹಣ್ಣಿರಲಿಲ್ಲ. ಪಕ್ಕದ ಜಿಲ್ಲೆಯಿಂದ ತಂದು ದಾರದಲ್ಲಿ ಕಟ್ಟಿದ್ವಿ. ಮೊದಲನೇ ಬಹುಮಾನ ಬಂತು, ಗೊತ್ತಾ!”

ಅವನು ನಿಜವೇ ಹೇಳುತ್ತಿದ್ದ. ಆ ದೇಶದಲ್ಲಿ ನಲವತ್ತು ವರ್ಷ ಕೆಲಸ ಹಾಗೆಯೇ ನಡೆದಿತ್ತು. ಮೇಲಿನವರು ಬರುವ ಹಿಂದಿನ ದಿನ ಗೋಡೆಗೆ ಸುಣ್ಣ, ರಸ್ತೆಗೆ ಮರಳು, ಕಷ್ಟಕ್ಕೆ ಪರದೆ. ಬಂದವರಿಗೂ ಅದು ಗೊತ್ತು, ತೋರಿಸುವವರಿಗೂ ಗೊತ್ತು, ಊಟ ಮುಗಿಸಿ ಎಲ್ಲರೂ ಖುಷಿಯಾಗಿ ಹೊರಡುತ್ತಿದ್ದರು. ಎರಡೂವರೆ ವರ್ಷದ ಹಿಂದೆ, ಹೊಸವರ್ಷದ ದಿನ ಪಟಾಕಿ ಹಾರಿಸಿ ದೇಶ ಯುರೋಪಿನ ಒಕ್ಕೂಟಕ್ಕೆ ಸೇರಿತು. ಕಮಿಷನ್ನು ಬದಲಾಯಿತು, ಸ್ತಮಾತೊವ್‌ನ ಸುಣ್ಣದ ಬಾಲ್ದಿ ಬದಲಾಗಲಿಲ್ಲ.

ಬದಲಾದದ್ದು ಬೇರೆ ಬಹಳ ಇತ್ತು. ಸರ್ಕಾರ ಹಿಂದೆ ಕೈಯೆತ್ತಿ ಒಂದಿಷ್ಟು ಕೊಡುತ್ತಿತ್ತು; ಈಗ ‘ನೀವು ಒಕ್ಕೂಟದವರಲ್ವೆ, ಅಲ್ಲೇ ಸ್ಪರ್ಧೆ ಮಾಡಿ ತಗೊಳ್ಳಿ’ ಎಂದು ಕೈತೊಳೆದುಕೊಂಡಿತು. ಎಲ್ಲ ದೇಶದವರೂ ತಂದು ಸುರಿಯುವ ಹಂಡೆ ಒಂದೇ, ಸೌಟು ಮಾತ್ರ ಹಳಬರ ಕೈಯಲ್ಲಿ. ವಂಶವಾಹಿ ಓದುವ ಹೊಳೆಯುವ ಯಂತ್ರವೊಂದು ಕೊಡುಗೆಯಾಗಿ ಬಂತು. ಅದಕ್ಕೆ ಬೇಕಾದ ರಾಸಾಯನಿಕಕ್ಕೆ ಕೊಡುಗೆಯಿರಲಿಲ್ಲ. ಚಳಿಗಾಲದಲ್ಲಿ ಪ್ರಯೋಗಾಲಯಕ್ಕೆ ಬೆಂಕಿಯಿಲ್ಲದೆ ಕೋಟು ತೊಟ್ಟು ಕೂತು ಕೆಲಸ ಮಾಡುವವರು ಆ ಯಂತ್ರಕ್ಕೆ ಕಂಬಳಿ ಹೊದಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ! ಏಳು ಜನ ಹುಡುಗ ಹುಡುಗಿಯರಿದ್ದ ಕಡೆ ಎರಡೇ ವರ್ಷದಲ್ಲಿ ಒಬ್ಬರೂ ಉಳಿಯಲಿಲ್ಲ. ನೆವೆನಾಳ ಅಚ್ಚುಮೆಚ್ಚಿನ ಶಿಷ್ಯೆ ಕಲಿನಾ ಕೂಡ ಜರ್ಮನಿಯ ಒಂದು ಸಂಸ್ಥೆಗೆ ಹೋದಳು. ಈ ಅರ್ಜಿ ಕೊನೆಯ ಹಗ್ಗ. ಅದು ಕೈಗೆ ಸಿಕ್ಕರೆ ಕೇಂದ್ರಕ್ಕೆ ಮತ್ತೆ ಐದು ವರ್ಷ ಉಸಿರು. ಸಿಗದಿದ್ದರೆ ವಸಂತಕ್ಕೆ ಬೀಗ ಎಂದು ಸಚಿವಾಲಯ ಆಗಲೇ ಪತ್ರ ಬರೆದಾಗಿತ್ತು.

ಗೆಂಚೊ ಉಪಕರಣದ ಕೊಟ್ಟಿಗೆಯ ಹಿಂದೆ, ಕಲ್ಲಿನ ಮೇಲೆ, ತಲೆ ತಗ್ಗಿಸಿ ಕೂತಿದ್ದ. ಗರಗಸ ಅವನ ಕಾಲ ಬಳಿ ಬಿದ್ದಿತ್ತು.

“ಗೆಂಚಣ್ಣ, ನೀನಾ?”

“ಎರಡು ಸಲ ಹೇಳ್ದೆ ಡಾಕ್ಟರಮ್ಮ, ಇವು ಬೇಕು ಕಣ್ರೀ ಅಂತ. ನಿಮಗೆ ಫೋನ್ ಮಾಡ್ತೀನಿ ಅಂದೆ. ಅವಳು ಮೊಹರು ಹಾಕಿಸ್ತಿದಾಳೆ, ತಲೆ ಕೆಡಿಸಬೇಡ ಅಂದ್ರು. ಆಮೇಲೆ ಅಂದ್ರು, ನೀನು ಕಡೀಲಿಲ್ಲ ಅಂದ್ರೆ ಬೇರೆಯವನು ಕಡೀತಾನೆ, ನಿನ್ನ ಪಿಂಚಣಿಗೆ ಇನ್ನೆರಡು ವರ್ಷ ಇದೆ ನೆನಪಿಟ್ಕೋ ಅಂತ.”

“ಹನ್ನೊಂದು ವರ್ಷ ನೀರು ಹೊತ್ತೆಯಲ್ಲ! ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು. ನಿನ್ನ ಕೈ ಹೇಗೆ ಬಂತು?”

“ಕೈ ಬಂತು,” ಎಂದ ಗೆಂಚೊ. “ಬಾಯಿ ಬರಲಿಲ್ಲ. ನಾವು ಹಂಗೇ ಬೆಳೆದವ್ರು.”

ಅವನ ಮುಖದ ಮೇಲೆ ಎರಡು ಏಟು ಹಾಕಬೇಕೆನ್ನಿಸಿತು ಅವಳಿಗೆ. ಅದರ ಬದಲು ಅವನ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ಐವತ್ತೊಂದು ವರ್ಷದ ಹೆಂಗಸು, ಎರಡು ಸಲ ಪ್ರಶಸ್ತಿ ಪಡೆದವಳು, ಸುಣ್ಣ ಹೊಡೆಯಲು ಬಂದ ಕೂಲಿಯವರ ಎದುರೇ ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಹತ್ತಕ್ಕೆ ಸರಿಯಾಗಿ ಪರೀಕ್ಷಕರು ಬಂದರು, ಮೂರು ಜನ. ಗೇಟಿನಲ್ಲಿ ಕಸೂತಿಯ ಉಡುಪು ತೊಟ್ಟ ಹೆಂಗಸರು ಸ್ವಾಗತದ ರೊಟ್ಟಿ, ಉಪ್ಪು ಹಿಡಿದು ನಿಂತಿದ್ದರು. ಹಿಂದೆ ಇಡೀ ಕುರಿಮರಿ ಕೆಂಡದ ಮೇಲೆ ತಿರುಗುತ್ತಿತ್ತು. ಇಬ್ಬರು ಗಂಡಸರು ಸ್ತಮಾತೊವ್‌ನ ಜೊತೆ ಕಾಗದಪತ್ರ ನೋಡಲು ಕಚೇರಿಗೆ ಹೋದರು. ಡೆನ್ಮಾರ್ಕಿನ ಶ್ರೀಮತಿ ಹೋಲ್ಮ್, ಗಿಡಗಳ ರೋಗದಲ್ಲೇ ತಲೆ ನರೆಸಿಕೊಂಡವಳು, ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು ನೇರವಾಗಿ ತೋಟಕ್ಕೆ ನಡೆದಳು. ನೆವೆನಾ ಹನ್ನೊಂದು ದಫ್ತರಗಳನ್ನು ಎದೆಗವಚಿಕೊಂಡು ಹಿಂದೆ ಹೋದಳು.

ಹೋಲ್ಮ್ ಸೊಟ್ಟಮೂತಿಯ ಎಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಣ್ಣೊಂದನ್ನು ಕಿತ್ತು ಸೀಳಿ, ತಿರುಳು ನೋಡಿ, ತಿಂದಳು. ಅವಳ ಕಣ್ಣು ಅರಳಿತು. “ಇಂಥ ಚೊಕ್ಕ ಹಣ್ಣು ಈ ಸೀಮೆಯಲ್ಲಿ ನೋಡಿರಲಿಲ್ಲ,” ಎಂದಳು. ಆಮೇಲೆ ಪಕ್ಕದ ಸಾಲಿಗೆ ತಿರುಗಿ ಒಂದು ಹೂಕುಂಡವನ್ನು ಕಾಲಿನಿಂದ ಮೆಲ್ಲಗೆ ಸರಿಸಿದಳು. ಕೆಳಗೆ ಕೊಯ್ದ ಬುಡ, ಇನ್ನೂ ಅಂಟು ಸುರಿಸುತ್ತಿತ್ತು.

“ಇಲ್ಲಿ ಏನಿತ್ತು?”

ಸುಳ್ಳು ಹೇಳಬಹುದಿತ್ತು. ಬಿರುಗಾಳಿ ಬಂತು ಎನ್ನಬಹುದಿತ್ತು. ಆದರೆ ಆ ಹೆಂಗಸಿನ ಬಾಯಲ್ಲಿ ಇನ್ನೂ ಆ ಹಣ್ಣಿನ ರಸವಿತ್ತು. ನೆವೆನಾಳಿಗೆ ಸುಳ್ಳು ಬರಲಿಲ್ಲ. “ರೋಗದ ಮರಗಳು. ನಿಮಗೆ ಚೆನ್ನಾಗಿ ಕಾಣ್ಲಿ ಅಂತ ಮೊನ್ನೆ ಕಡಿದುಬಿಟ್ರು,” ಎಂದಳು.

ಹೋಲ್ಮ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನೆವೆನಾ ದಫ್ತರಗಳನ್ನು ಹುಲ್ಲಿನ ಮೇಲೆ ಹರಡಿ, ಮಂಡಿಯೂರಿ, ಪುಟಪುಟ ತೆರೆದು ತೋರಿಸಿದಳು. ಇದು ಒಂದನೇ ವರ್ಷ, ಇದು ಐದನೆಯದು, ಇದೋ ಹೋದ ಜೂನ್ ತಿಂಗಳ ಚಿತ್ರ, ಈ ಮರದ ಎಲೆಯಲ್ಲಿ ಉಂಗುರ ನೋಡಿ, ಪಕ್ಕದಲ್ಲೇ ನನ್ನ ಮರ, ಒಂದು ಮಚ್ಚೆಯಿಲ್ಲ ನೋಡಿ.

“ನಾನು ನಂಬ್ತೀನಮ್ಮ. ಒಂದೊಂದು ಅಕ್ಷರಾನೂ ನಂಬ್ತೀನಿ,” ಎಂದಳು ಹೋಲ್ಮ್. “ಆದ್ರೆ ನನ್ನ ನಂಬಿಕೆಗೆ ಅಂಕ ಕೊಡೋ ಹಾಗಿಲ್ಲ. ಇವತ್ತು ಇಲ್ಲಿ ಕಂಡದ್ದನ್ನ ಮಾತ್ರ ಬರೀಬೇಕು. ಕಾಯಿಲೆ ಎಲ್ಲಿದೆ ಅಂದ್ರೆ ನಾನು ಏನು ಬರೀಲಿ? ಮತ್ತೆ ನೆಟ್ಟು, ಸೋಂಕು ತಗಲಿಸಿ, ಫಲ ನೋಡೋಕೆ ಎಷ್ಟು ವರ್ಷ?”

“ಐದಾರು.”

“ಯೋಜನೆ ಇರೋದೇ ಐದು ವರ್ಷ.”

ಅಷ್ಟರಲ್ಲಿ ಗೇಟಿನ ಕಡೆಯಿಂದ ಗೆಂಚೊ ಏದುಸಿರು ಬಿಡುತ್ತ ಓಡಿಬಂದ. ಸೈಕಲ್ ತುಳಿದುಕೊಂಡು ಮೇಲಿನ ಕೇರಿಯ ತನ್ನ ಮನೆಗೆ ಹೋಗಿ, ಹಿತ್ತಲಿನ ಸಿಡುಬು ಹತ್ತಿದ ಮರದಿಂದ ಆಳುದ್ದದ ಕೊಂಬೆ ಮುರಿದು ತಂದಿದ್ದ. ಕುಳಿಬಿದ್ದ ಹಣ್ಣುಗಳು ದಾರಿಯುದ್ದಕ್ಕೂ ಉದುರಿದ್ದವು.

“ನೋಡಿ ತಾಯಿ! ಇಂಥದೇ ಕಾಯಿಲೆ! ಇದರ ಮಧ್ಯದಲ್ಲೇ ನಿಂತಿತ್ತು ನಮ್ಮ ಸೊಟ್ಟಮೂತಿ, ಹನ್ನೊಂದು ವರ್ಷ! ಡಾಕ್ಟರಮ್ಮ, ಹೇಳ್ರೀ ಇವ್ರಿಗೆ ಇವ್ರ ಭಾಷೇಲಿ. ಕಡಿದೋನು ನಾನು, ನಿಮ್ದೇನೂ ತಪ್ಪಿಲ್ಲ ಅಂತ ಹೇಳ್ರೀ!”

ಕಚೇರಿಯ ಕಿಟಕಿಯಿಂದ ಅದನ್ನು ಕಂಡ ಸ್ತಮಾತೊವ್ ಎದೆ ಹಿಡಿದುಕೊಂಡು ಹೊರಗೆ ಓಡಿಬಂದ. “ಲೋ ಕತ್ತೆ! ರೋಗದ ಕೊಂಬೆ ತಂದು ಅತಿಥಿ ಮೂಗಿಗೆ ಹಿಡೀತೀಯೇನೋ!” ಎಂದು ಕಿರುಚಿದ. ಹೋಲ್ಮ್ ಆ ಕೊಂಬೆಯನ್ನು ಎರಡೂ ಕೈಯಿಂದ ಇಸಿದುಕೊಂಡಳು. ಎಲೆಯ ಮೇಲಿನ ಹಳದಿ ಉಂಗುರಗಳನ್ನು ನೋಡುತ್ತ ಬಹಳ ಹೊತ್ತು ನಿಂತಳು. ಕುರಿಮರಿಯ ಊಟಕ್ಕೆ ಅವಳು ಕೂರಲಿಲ್ಲ.

ನವೆಂಬರಿನಲ್ಲಿ ಪತ್ರ ಬಂತು. ಹದಿನೈದಕ್ಕೆ ಹನ್ನೆರಡು ಅಂಕ ಬೇಕಿತ್ತು, ಹನ್ನೊಂದು ಬಂದಿತ್ತು. ‘ವಿಜ್ಞಾನ ಅತ್ಯುತ್ತಮ. ಆದರೆ ಪ್ರಯೋಗದ ಸ್ಥಳದಲ್ಲಿ ರೋಗದ ಒತ್ತಡ ಕಂಡುಬರಲಿಲ್ಲ. ತಳಿಯನ್ನು ಪಾಲುದಾರ ಸಂಸ್ಥೆಯಲ್ಲಿ ಪರೀಕ್ಷಿಸುವುದು ಸೂಕ್ತ.’ ಪಾಲುದಾರ ಸಂಸ್ಥೆ ಎಂದರೆ ಜರ್ಮನಿಯದು, ಕಲಿನಾ ಇದ್ದದ್ದು. ಹಳೆಯ ಸದಸ್ಯ ದೇಶದ ಒಬ್ಬ ಪಾಲುದಾರನಿಲ್ಲದೆ ಅರ್ಜಿಯನ್ನೇ ಹಾಕುವಂತಿರಲಿಲ್ಲವಲ್ಲ, ಅದಕ್ಕೆ ಸೇರಿಸಿಕೊಂಡ ಹೆಸರು ಅದು. ಸ್ತಮಾತೊವ್ ಪತ್ರವನ್ನು ಮೂರು ಸಲ ಓದಿಸಿ ಕೇಳಿದ. “ಅತ್ಯುತ್ತಮ ಅಂದಿದಾರಲ್ಲ, ಮತ್ಯಾಕೆ?” ಎಂದು ಕೇಳಿದ. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ನೆವೆನಾಳಿಗೆ ಅವನ ಮೇಲೆ ಸಿಟ್ಟು ಮಾಡುವ ತ್ರಾಣವೂ ಉಳಿದಿರಲಿಲ್ಲ.

ಡಿಸೆಂಬರಿನಲ್ಲಿ ಕಲಿನಾ ಫೋನ್ ಮಾಡಿದಳು.

“ಟೀಚರ್, ಸೊಟ್ಟಮೂತಿಯ ಕಸಿ ಕಡ್ಡಿಗಳನ್ನ ಕಳಿಸಿಕೊಡಿ. ಇಲ್ಲಿ ಮುಚ್ಚಿದ ಗಾಜಿನ ಮನೆಯೊಳಗೆ ಸೋಂಕು ತಗಲಿಸಿ ಎಲ್ಲ ಪರೀಕ್ಷೆ ಮಾಡ್ತೀವಿ. ಅಲ್ಲಿ ಸಾಯೋಕೆ ಬಿಡಬೇಡಿ.”

“ನನ್ನ ಹೆಸರು ಇರುತ್ತಾ?”

“ಕೇಳ್ತೀನಿ ಟೀಚರ್. ಇಲ್ಲಿ ಹಕ್ಕೆಲ್ಲ ಸಂಸ್ಥೆದೇ. ಆದ್ರೂ ಕೇಳ್ತೀನಿ.”

ಮುಂದಿನ ಮಾತು ಆಡಬಾರದೆಂದು ನೆವೆನಾ ವಾರದಿಂದ ಅಂದುಕೊಂಡಿದ್ದಳು, ಆಡಿಯೇಬಿಟ್ಟಳು. “ಕಲಿನಾ, ನನ್ನನ್ನೂ ಕರೆಸ್ಕೋ. ವಿಜ್ಞಾನಿ ಅಂತ ಬೇಡ. ಗಿಡಕ್ಕೆ ನೀರು ಹಾಕ್ತೀನಿ, ಕುಂಡ ತೊಳೀತೀನಿ. ಅದರ ಪಕ್ಕದಲ್ಲಿ ಇದ್ರೆ ಸಾಕು.”

“ಇರೋ ಹುದ್ದೆ ಎಲ್ಲ ಯುವ ಸಂಶೋಧಕರಿಗೆ ಟೀಚರ್. ವಯಸ್ಸಿನ ಮಿತಿ ಇದೆ.”

“ಸರಿ ಬಿಡು. ನಿನ್ನ ವಯಸ್ಸಿನಲ್ಲಿ ನಾನೂ ಹೋಗ್ಬೇಕಿತ್ತು. ಆಗ ಗಡಿ ಮುಚ್ಚಿತ್ತು. ತೆರೆಯೋ ಹೊತ್ತಿಗೆ ನಾನೇ ಮುದುಕಿಯಾದೆ,” ಎಂದು ನೆವೆನಾ ನಗಲು ನೋಡಿದಳು.

ಜನವರಿಯಲ್ಲಿ, ಮರ ನಿದ್ದೆಯಲ್ಲಿದ್ದಾಗ, ಹನ್ನೆರಡು ಕಡ್ಡಿ ಕೊಯ್ದು, ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಕಳಿಸಿದಳು. ತಳಿಯನ್ನು ಹಸ್ತಾಂತರಿಸುವ ಪತ್ರಕ್ಕೆ ಕೇಂದ್ರದ ಪರವಾಗಿ ಸ್ತಮಾತೊವ್ ರುಜು ಹಾಕಿದ, ಅವಳ ರುಜುವಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಗೆಂಚೊ ಬೇರೆ ನಾಲ್ಕು ಕಡ್ಡಿ ಕೊಯ್ದುಕೊಂಡು ಹಿತ್ತಲಿನ ಮರಕ್ಕೆ ಕಸಿ ಕಟ್ಟಿದ. ಅವಳು ಬೇಡವೆಂದಳು. ಸೊಟ್ಟಮೂತಿ ರೋಗವನ್ನು ಒಳಗೆ ಬಿಟ್ಟುಕೊಳ್ಳುವ ಜಾತಿಯಲ್ಲ. ರೋಗಿ ಮರದ ಹಾಲು ಕುಡಿಯುವ ಬದಲು ತಾನೇ ಒಣಗಿ ಸಾಯುತ್ತದೆ. ಹಾಗೇ ಆಯಿತು. ಆ ಕಣಿವೆಯಲ್ಲಿ ರೋಗವಿಲ್ಲದ ಪ್ಲಮ್ ಮರ ಯಾರ ಹಿತ್ತಲಲ್ಲೂ ಇರಲಿಲ್ಲ. ಅವಳಿಗಂತೂ ನಾಲ್ಕನೇ ಮಹಡಿಯ ಎರಡು ಕೋಣೆ ಬಿಟ್ಟರೆ ಹಿಡಿ ಮಣ್ಣಿರಲಿಲ್ಲ. ಏಪ್ರಿಲಿನಲ್ಲಿ, ಬೀಗ ಬಿದ್ದ ಕೇಂದ್ರದ ಜಾಗಕ್ಕೆ ಬಿಸಿಲಿನಿಂದ ವಿದ್ಯುತ್ ತೆಗೆಯುವ ಫಲಕಗಳು ಬಂದವು. ಸೊಟ್ಟಮೂತಿಯ ಸಾಲುಗಳು ಹೂ ಬಿಟ್ಟಿದ್ದವು. ಯಂತ್ರ ಅವನ್ನು ಹೂವಿನ ಸಮೇತ ಕಿತ್ತುಹಾಕಿತು.

ಏಳು ವರ್ಷ ಕಳೆಯಿತು. ನೆವೆನಾ ಪಟ್ಟಣದ ಜಾಮ್ ಕಾರ್ಖಾನೆಯಲ್ಲಿ ಹಣ್ಣು ಆರಿಸುವ ಕೆಲಸಕ್ಕಿದ್ದಳು. ಹಣ್ಣು ಹೊರಗಿನಿಂದ ಲಾರಿಯಲ್ಲಿ ಬರುತ್ತಿತ್ತು. ಕಲಿನಾ ಮೊದಲು ಹಬ್ಬಕ್ಕೆಲ್ಲ ಪತ್ರ ಬರೆಯುತ್ತಿದ್ದಳು, ಆಮೇಲೆ ಹೊಸವರ್ಷಕ್ಕೆ ಮಾತ್ರ, ಆಮೇಲೆ ಅದೂ ನಿಂತಿತು. ಹೆಸರಿನ ಮಾತು ಯಾವ ಪತ್ರದಲ್ಲೂ ಬರಲಿಲ್ಲ.

ಮೇ ತಿಂಗಳ ಒಂದು ಶನಿವಾರ ಬಾಗಿಲು ಬಡಿದ ಸದ್ದಾಯಿತು. ಗೆಂಚೊ. ಪಿಂಚಣಿ ಬಂದಿತ್ತು, ಹಲ್ಲು ಹೋಗಿತ್ತು. ಎರಡೂ ತೋಳಿನಲ್ಲಿ ಒಂದು ಕುಂಡವನ್ನು ಮಗುವಿನಂತೆ ತಬ್ಬಿ ಹಿಡಿದಿದ್ದ. ಅದರಲ್ಲಿ ಸೊಂಟದೆತ್ತರದ ಸಸಿ. ನಾಲ್ಕು ಮಹಡಿ ಹತ್ತಿ ಬಂದವನು ಬಾಗಿಲ ಚೌಕಟ್ಟಿಗೆ ಒರಗಿಕೊಂಡ.

“ಸಂತೇಲಿ ಸಿಕ್ತು ಡಾಕ್ಟರಮ್ಮ. ಸಿಡುಬು ಹತ್ತದ ಪ್ಲಮ್ಮಂತೆ, ಜರ್ಮನಿಯಿಂದ ಬಂದಿದೆಯಂತೆ. ಮಾರೋನು ಏನೇನೋ ಹೊಗಳ್ತಿದ್ದ. ನಾನು ಎಲೆ ನೋಡ್ದೆ,” ಎಂದ. “ನೀವೂ ನೋಡಿ.”

ನೋಡುವುದೇನು ಬಂತು! ಎಲೆಯ ತುದಿ ಎಡಕ್ಕೆ ತಿರುಚಿಕೊಂಡಿತ್ತು. ಎಲ್ಲ ಎಲೆಗಳದೂ.

“ಸೊಟ್ಟಮೂತಿ ಕಣ್ರೀ! ಬೇರೆ ಹೆಸರು ಹಾಕ್ಕೊಂಡು ತವರಿಗೆ ಬಂದಿದಾಳೆ ನಮ್ಮ ಹುಡುಗಿ!” ಗೆಂಚೊನ ಕಣ್ಣಿಂದ ನೀರು ದಳದಳ ಇಳಿಯಿತು. “ನಿಮ್ಮ ಮೂವತ್ತಾರು ಮರ ಕಡಿದೆ ನಾನು. ಏಳು ವರ್ಷದಿಂದ ಗರಗಸ ಮುಟ್ಟಿಲ್ಲ. ಇದನ್ನಾದ್ರೂ ನಿಮ್ಮ ಕೈಗೆ ಕೊಟ್ರೆ ನನಗೆ ನಿದ್ದೆ ಬರುತ್ತೆ. ಕೇಳಿ ಇಲ್ಲಿ, ಕಾಡು ಪ್ಲಮ್ಮಿನ ಬೀಜದಿಂದ ಇಪ್ಪತ್ತು ಸಸಿ ಎಬ್ಬಿಸಿದೀನಿ, ಒಂದಕ್ಕೂ ಕಾಯಿಲೆ ಇಲ್ಲ. ಆಗಸ್ಟಿನಲ್ಲಿ ಇದರ ಕಣ್ಣು ತೆಗೆದು ಕಸಿ ಕಟ್ಟೋಣ. ಮುಂದಿನ ವರ್ಷ ನೂರು ಮಾಡೋಣ. ಮನೆಮನೆಗೂ ಹಂಚೋಣ!”

ನೆವೆನಾ ಸಸಿಯನ್ನು ಮುಟ್ಟಿದಳು. ಕಾಂಡಕ್ಕೆ ಪ್ಲಾಸ್ಟಿಕ್ಕಿನ ನೀಲಿ ಚೀಟಿ ಕಟ್ಟಿತ್ತು. ಒಂದು ಬದಿಯಲ್ಲಿ ಹಣ್ಣಿನ ಚಿತ್ರ, ಯಾವುದೋ ಜರ್ಮನ್ ಹೆಂಗಸಿನ ಹೆಸರು, ‘ಮೂಲ ದೇಶ: ಜರ್ಮನಿ’. ಇನ್ನೊಂದು ಬದಿಯಲ್ಲಿ ಒಕ್ಕೂಟದ ಎಂಟು ಭಾಷೆಗಳಲ್ಲಿ ಸಣ್ಣಸಣ್ಣ ಅಕ್ಷರ. ತನ್ನ ಭಾಷೆಯ ಸಾಲನ್ನು ಹುಡುಕಿ ಅವಳು ಕಿಟಕಿಯ ಬೆಳಕಿಗೆ ಹಿಡಿದಳು.

“ಏನಂತೆ?” ಎಂದ ಗೆಂಚೊ.

“ಇದನ್ನ ಕಸಿ ಕಟ್ಟಿ ಬೆಳೆಸೋ ಹಾಗಿಲ್ಲವಂತೆ. ಹಂಚೋ ಹಾಗೂ ಇಲ್ಲವಂತೆ. ಹಕ್ಕುದಾರರ ಅನುಮತಿ ಬೇಕಂತೆ.”

“ಅಯ್ಯೋ, ಅಷ್ಟೇನಾ? ಅನುಮತಿ ಕೊಟ್ಬಿಡಿ ಮತ್ತೆ!”

ಅವಳು ಚೀಟಿಯನ್ನು ಇನ್ನೊಮ್ಮೆ ಓದಿದಳು.

“ನನ್ನದಲ್ಲ ಗೆಂಚಣ್ಣ,” ಎಂದಳು. “ಅನುಮತಿ ಕೊಡೋರು ನಾನಲ್ಲ.”

ಗೆಂಚೊ ಕುಂಡವನ್ನು ತಬ್ಬಿಕೊಂಡೇ ಬಾಗಿಲಲ್ಲಿ ನಿಂತಿದ್ದ. ಅದನ್ನು ಎಲ್ಲಿ ಇಳಿಸಬೇಕೆಂದು ಅವನಿಗೂ ತೋಚಲಿಲ್ಲ, ಅವಳಿಗೂ ತೋಚಲಿಲ್ಲ.